ಊರೊಳಗಿನ ಕಾಡಿನ ಲಂಟಾನ: ಸವರುವುದೋ, ಜೆಸಿಬಿಯೋ, ಬೇರು ಕಡಿದು ಮಗುಚುವುದೋ?

ಬೆಂಗಳೂರಿನ ತುರಹಳ್ಳಿಯಂಥ ಕುರುಚಲು ಕಾಡಿನ ಒಂದೆರಡು ಎಕರೆಯನ್ನು ಬಡಾವಣೆಯವರೇ ನೋಡಿಕೊಳ್ಳುವುದಾದರೆ, ಮೊದಲ ಪ್ರಶ್ನೆ ಲಂಟಾನದ್ದು: ಹೊರನಾಡಿನಿಂದ ಬಂದು ನಮ್ಮ ಗಿಡಗಳನ್ನು ಮುಚ್ಚಿ ಹಬ್ಬುವ ಈ ಪೊದೆಯನ್ನು ತೆಗೆಯುವುದು ಹೇಗೆ? ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಮೊದಲು, ಕತ್ತಿ ಆಮೇಲೆ.

ಮಚ್ಚಿನಿಂದ ಸವರುವುದು ಅಗ್ಗ, ಬೇಗ. ಆದರೆ ಬುಡ ಉಳಿಯುತ್ತದೆ. ಒಂದು ಕಾಂಡವಿದ್ದಲ್ಲಿ ನಾಲ್ಕಾರು ಚಿಗುರು ಎದ್ದು ಪೊದೆ ಇನ್ನಷ್ಟು ದಟ್ಟವಾಗುತ್ತದೆ. ಕಾಲುದಾರಿಯ ಅಂಚಿಗೆ ಮಾತ್ರ ಸರಿ.

ಜೆಸಿಬಿ ಬೇಡವೇ ಬೇಡ. ಲಂಟಾನದ ನೆರಳಲ್ಲಿ ಗೇಣುದ್ದ ಬೆಳೆದು ಕಾದಿರುವ ಕಕ್ಕೆ, ಗಂಧ, ಬಂದರಿಕೆ ಸಸಿಗಳೂ ಕಿತ್ತುಹೋಗುತ್ತವೆ. ಕೆದಕಿದ ಬರಿ ಮಣ್ಣಿನಲ್ಲಿ ಮೊದಲು ಹುಟ್ಟುವುದು ಮತ್ತೆ ಲಂಟಾನ, ಪಾರ್ಥೇನಿಯಂ.

ನಮ್ಮ ಆಯ್ಕೆ ಮೂರನೆಯದು, ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಕಾಯಿ ಕಪ್ಪಾಗುವ ಮುನ್ನ ಶುರುಮಾಡಿ. ಪೊದೆಯಲ್ಲಿ ಹಕ್ಕಿಗೂಡಿದ್ದರೆ ಅದನ್ನು ಬಿಟ್ಟುಬಿಡಿ. ಇಬ್ಬರು ಕೊಂಬೆಗಳನ್ನು ಒತ್ತಿ ಹಿಡಿಯಲಿ, ಒಬ್ಬರು ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿಯಲಿ. ಚಿಗುರೊಡೆಯುವ ಗಂಟು ಇರುವುದು ಆ ಕಡಿತಕ್ಕಿಂತ ಮೇಲೆ. ಹಾಗಾಗಿ ಉಳಿದ ಬೇರು ಸಾಯುತ್ತದೆ. ಕಿತ್ತ ಪೊದೆಯನ್ನು ಅಲ್ಲೇ ತಲೆಕೆಳಗಾಗಿ ಮಗುಚಿ ಒಣಗಿಸಿ. ಹಸಿ ಕಾಂಡ ಒದ್ದೆ ನೆಲಕ್ಕೆ ತಾಗಿದರೆ ಬೇರು ಬಿಡುತ್ತದೆ. ಬಹುತೇಕ ಕೆಲಸ ಕೆಡುವುದೇ ಇಲ್ಲಿ.

ಕೂಲಿ ಹೆಚ್ಚು, ನಿಜ. ಎರಡು–ಮೂರು ಮಳೆಗಾಲ ಹೊಸದಾಗಿ ಹುಟ್ಟುವ ಲಂಟಾನ ಸಸಿ ಕೀಳಲೇಬೇಕು, ಮುಖ್ಯವಾಗಿ ಪಿಕಳಾರ ಕೂತು ಬೀಜ ಉದುರಿಸುವ ಮರಗಳ ಕೆಳಗೆ. ಒಂದೇ ಸಲಕ್ಕೆ ಎಲ್ಲ ಬೋಳು ಮಾಡಬೇಡಿ. ಒಣಗಿದ ಕಾಂಡ ಬುಟ್ಟಿ, ಬೇಲಿಗೆ ಬರುತ್ತದೆ.