ಫೆಜ್ ನಗರದಲ್ಲಿ 'ದಾರಿ ಮುಚ್ಚಿದೆ' ಎಂದು ಹೇಳುವವರ ಹಿಂದೆ ಹೋಗಬೇಡಿ

ಮೊರಾಕೊದ ಫೆಜ್ ನಗರಕ್ಕೆ ಹೊರಟಿರುವವರಿಗೆ, ಅದರಲ್ಲೂ ಮನೆಯ ಹಿರಿಯರನ್ನೂ ಸಸ್ಯಾಹಾರಿಗಳನ್ನೂ ಕರೆದುಕೊಂಡು ಹೋಗುವವರಿಗೆ, ನಮಗಾದ ಅನುಭವ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು, ನನ್ನ ಪತಿ ಮತ್ತು ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನಮ್ಮ ಅತ್ತೆಯವರು ಅಲ್ಲಿನ ಹಳೆಯ ಪೇಟೆಗೆಂದೇ ಒಂದು ಇಡೀ ದಿನವನ್ನು ಮೀಸಲಿಟ್ಟಿದ್ದೆವು.

1981ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪೇಟೆಯೊಳಗೆ ಕಾರು ಹೋಗುವುದಿಲ್ಲ. ಹೇಸರಗತ್ತೆಗಳೇ ಸಾಮಾನು ಹೊರುತ್ತವೆ. ನೀಲಿ ಹೆಂಚಿನ ಬಾಬ್ ಬೂ ಜೆಲೂದ್ ಬಾಗಿಲಿನಿಂದ ಒಳಹೊಕ್ಕು, ತಲಾ ಕೆಬೀರಾ ಎಂಬ ಮುಖ್ಯ ಬೀದಿಯಲ್ಲಿ ಇಳಿಯುತ್ತಾ ಹೋದರೆ ಖರವೀಯಿನ್ ಮಸೀದಿಯ ಆಸುಪಾಸಿಗೆ ತಲುಪಬಹುದು. ನಾವು ಬೂ ಇನಾನಿಯಾ ಮದರಸಾದ ಮರದ ಕೆತ್ತನೆಯನ್ನು ನೋಡಿ ಮುಂದೆ ಹೊರಟಾಗ ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಜೊತೆಗೂಡಿ, ಹಿಂದಿ ಚಿತ್ರನಟರ ಹೆಸರು ಹೇಳಿ ನಕ್ಕು, ಮುಂದಿನ ದಾರಿ ಮುಚ್ಚಿದೆ, ಅದು ನಮಾಜಿಗೆ ಹೋಗುವವರಿಗೆ ಮಾತ್ರ ಎಂದನು. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಕಟ್ಟಿಸಿದರೆಂದು ಹೇಳಲಾಗುವ ಆ ಮಸೀದಿಯೊಳಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲವೆಂಬುದು ನಿಜ. ಆದ್ದರಿಂದಲೇ ಅವನ ಮಾತನ್ನು ನಂಬಿದೆವು. ಬೀದಿ ಮಾತ್ರ ಎಂದಿನಂತೆ ಎಲ್ಲರಿಗೂ ತೆರೆದೇ ಇತ್ತು. ಅದು ನಮಗೆ ತಿಳಿದದ್ದು ಮರುದಿನ.

ತಾನು ವಿದ್ಯಾರ್ಥಿ, ಹಣ ಬೇಡ, ಚರ್ಮ ಹದಮಾಡುವ ಶುವಾರಾದಲ್ಲಿ ಇವತ್ತು ವಿಶೇಷ ದಿನ, ನಾಳೆ ಏನೂ ಕಾಣಿಸದು ಎಂದು ಅವನು ಅವಸರಪಡಿಸಿದನು. ಇದೂ ಸುಳ್ಳು. ಅಲ್ಲಿ ಕೆಲಸ ದಿನನಿತ್ಯದ್ದು. ಚರ್ಮದ ಅಂಗಡಿಯೊಂದರ ತಾರಸಿಗೆ ಹತ್ತುವಾಗ, ವಾಸನೆ ತಡೆಯಲು ಮೂಗಿಗೆ ಹಿಡಿಯಲೆಂದು ಕೈಗೆ ಪುದೀನದ ಎಸಳುಗಳನ್ನು ಕೊಟ್ಟರು. ಕೆಳಗೆ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಕಲಸಿದ ಬಿಳಿ ತೊಟ್ಟಿಗಳು, ಅವುಗಳಾಚೆ ಬಣ್ಣದ ತೊಟ್ಟಿಗಳು, ಮೊಣಕಾಲವರೆಗೆ ಇಳಿದು ಚರ್ಮವನ್ನು ತುಳಿಯುತ್ತಿದ್ದ ಕೆಲಸಗಾರರು. ಆ ನೋಟ ನಿಜಕ್ಕೂ ಅಪರೂಪದ್ದು, ಅದನ್ನು ತಪ್ಪಿಸಿಕೊಳ್ಳಬೇಡಿ. ಆದರೆ ಇಂಥವರ ಜೊತೆಯಲ್ಲಿ ಹೋಗಬೇಡಿ.

ಅಲ್ಲಿಂದ ಊಟಕ್ಕೆ ಅವನೇ ಕರೆದೊಯ್ದ ಹೋಟೆಲಿನ ಹೊರಗಿನ ಹಲಗೆಯಲ್ಲಿ ತರಕಾರಿ ಕುಸ್ಕುಸ್ (ಗೋಧಿ ರವೆಯ ಸಣ್ಣ ಕಾಳುಗಳ ಅಡುಗೆ) ಬೆಲೆ 90 ದಿರ್ಹಮ್ ಎಂದಿತ್ತು. ಒಳಗೆ ಬೆಲೆಪಟ್ಟಿ ಕೊಡಲೇ ಇಲ್ಲ. ಕೇಳದೆಯೇ ಆಲಿವ್, ರೊಟ್ಟಿ, ನೀರಿನ ಬಾಟಲಿ ತಂದಿಟ್ಟರು. ಮಾಂಸವಿಲ್ಲ ತಾನೇ ಎಂದು ಎರಡು ಬಾರಿ ಕೇಳಿದ್ದಕ್ಕೆ ಇಲ್ಲವೇ ಇಲ್ಲ ಎಂದರು. ಅರ್ಧ ತಟ್ಟೆ ಮುಗಿದಿರಬಹುದು, ಕುಂಬಳಕಾಯಿ ಹೋಳಿನ ಅಡಿಯಿಂದ ಅತ್ತೆಯವರ ಚಮಚಕ್ಕೆ ಉಗುರಿನಷ್ಟು ಎಲುಬಿನ ಚೂರು ಬಂತು. ಅವರು ಒಂದು ಮಾತನ್ನೂ ಆಡದೆ ಚಮಚವನ್ನು ಕೆಳಗಿಟ್ಟು, ಆ ದಿನ ರಾತ್ರಿಯೂ ಏನನ್ನೂ ತಿನ್ನಲಿಲ್ಲ. ನನಗೆ ಇಂದಿಗೂ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ.

ಕಾರಣವನ್ನು ಆಮೇಲೆ ತಿಳಿದುಕೊಂಡೆ. ಕುಸ್ಕುಸ್ಸನ್ನು ನಮ್ಮ ಇಡ್ಲಿಯಂತೆ ಹಬೆಯಲ್ಲಿ ಬೇಯಿಸುತ್ತಾರೆ, ಆದರೆ ಕೆಳಗಿನ ಪಾತ್ರೆಯಲ್ಲಿ ಸಾಮಾನ್ಯವಾಗಿ ಕುದಿಯುವುದು ಮಾಂಸ ಮತ್ತು ತರಕಾರಿಯ ಸಾರು; ಕೊನೆಯಲ್ಲಿ ಅದೇ ಸಾರನ್ನು ಮೇಲೆ ಸುರಿಯುತ್ತಾರೆ. ಮಾಂಸದ ತುಂಡು ತೆಗೆದರೆ ಅದು 'ತರಕಾರಿಯದು' ಎಂದು ಹೇಳುವವರಿದ್ದಾರೆ. ಆದ್ದರಿಂದ 'ಬ್ಲಾ ಲ್ಹಮ್', ಅಂದರೆ ಮಾಂಸವಿಲ್ಲದೆ, ಎಂದರಷ್ಟೇ ಸಾಲದು. ಸಾರಿನ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಹರೀರಾ ಸೂಪಿನಲ್ಲೂ ಮಾಂಸ ಬೀಳುವುದುಂಟು.

ಬಿಲ್ಲು 870 ದಿರ್ಹಮ್ ಬಂತು. ತಲೆಗೆ 250ರಂತೆ 'ಪೂರ್ಣ ಊಟ', ರೊಟ್ಟಿ ಮತ್ತು ಆಲಿವ್‌ಗೆ 60, ನೀರಿಗೆ 30, ಸೇವೆಗೆ 30. ಹೊರಗಿನ ಹಲಗೆಯನ್ನು ತೋರಿಸಲು ಹೋದರೆ ಅದನ್ನು ಆಗಲೇ ಒಳಗಿಟ್ಟಿದ್ದರು. ಕೂರುವ ಮೊದಲೇ ಅದರ ಫೋಟೊ ತೆಗೆದುಕೊಂಡಿದ್ದರೆ ವಾದಿಸಲು ಒಂದು ಆಧಾರವಾದರೂ ಇರುತ್ತಿತ್ತು. ಬಾಗಿಲ ಬಳಿ ಕಾದಿದ್ದ ಯುವಕ ಇನ್ನೊಬ್ಬನನ್ನು ಜೊತೆಗಿಟ್ಟುಕೊಂಡು 200 ದಿರ್ಹಮ್ ಕೇಳಿದನು. ಇಬ್ಬರು ಎದುರುಬದುರಾದರೆ ಭುಜ ತಾಗುವಂಥ ಆ ಓಣಿಯಲ್ಲಿ ಅತ್ತೆಯವರನ್ನು ನಿಲ್ಲಿಸಿಕೊಂಡು ಜಗಳವಾಡಲಾರದೆ 100 ಕೊಟ್ಟು ಬಂದೆವು.

ಪರವಾನಗಿಯಿಲ್ಲದೆ ಗೈಡ್ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ, ಪ್ರವಾಸಿ ಪೊಲೀಸರೂ ಇದ್ದಾರೆ. ಪೊಲೀಸರನ್ನು ಕರೆಯುತ್ತೇನೆ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ನಮಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಗೈಡ್ ಬೇಕಿದ್ದರೆ ಅಧಿಕೃತ ಗುರುತಿನ ಚೀಟಿ ಇರುವವರನ್ನು ವಸತಿಗೃಹದವರ ಮೂಲಕ, ದರವನ್ನು ಮೊದಲೇ ಮಾತಾಡಿಕೊಂಡು ಗೊತ್ತುಮಾಡಿ.

ಮರುದಿನ ನಾವೇ ನಡೆದು ಹೋಗಿ, ಮಣ್ಣಿನ ಪಾತ್ರೆಯಿಂದ ಬಿಸಾರಾ ಬಡಿಸುವ ಪುಟ್ಟ ಅಂಗಡಿಯೊಂದನ್ನು ಕಂಡೆವು. ಒಣ ಅವರೆಯನ್ನು ಹೋಲುವ ಫಾವಾ ಕಾಳನ್ನು ಬೇಯಿಸಿ ಮಸೆದು, ಮೇಲೆ ಆಲಿವ್ ಎಣ್ಣೆ ಮತ್ತು ಜೀರಿಗೆ ಪುಡಿ ಹಾಕಿ ಕೊಡುವ ಗಂಜಿಯದು. ಏನೇನು ಹಾಕಿದ್ದಾರೆಂದು ಅಂಗಡಿಯ ಮುದುಕರು ಪಾತ್ರೆಯನ್ನೇ ಬಗ್ಗಿಸಿ ತೋರಿಸಿದ ಮೇಲೆ ಅತ್ತೆಯವರು ಎರಡು ಬಟ್ಟಲು ತಿಂದರು.