ಒಲಾಂಜಪಿನ್: ಹದಿನೈದು ತಿಂಗಳು ನುಂಗಿದವಳ ವಿಮರ್ಶೆ

ಒಲಾಂಜಪಿನ್ ಗುಳಿಗೆಯನ್ನು ನಾನು 2024ರ ಏಪ್ರಿಲ್‌ನಿಂದ 2025ರ ಜುಲೈವರೆಗೆ ತೆಗೆದುಕೊಂಡೆ. ಮೊದಮೊದಲು ಕಿಮೋ ಕೊಟ್ಟ ದಿನದಿಂದ ನಾಲ್ಕು ರಾತ್ರಿ ಮಾತ್ರ, ಜೂನ್‌ನಿಂದ ಪ್ರತಿ ರಾತ್ರಿ. ಇದು ಮೂಲತಃ ಬುದ್ಧಿಭ್ರಮಣೆಯ ಕಾಯಿಲೆಗೆ ಕೊಡುವ ಔಷಧ. ನನಗೆ ಆ ಕಾಯಿಲೆ ಇರಲಿಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಂದ ವಾಕರಿಕೆಗೆ, ಅದರ ಬೆನ್ನಿಗೇ ಬಂದ ಕಳವಳಕ್ಕೆ ಇದನ್ನು ಬರೆದುಕೊಟ್ಟಿದ್ದರು. ಇದನ್ನು ಮೊದಲಿಗೇ ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ಹಾಗೆ ಹೇಳಿಕೊಂಡರೆ ಆ ಕಾಯಿಲೆ ಇರುವವರಿಂದ ದೂರ ಸರಿದು ನಿಂತಂತಾಗುತ್ತದೆ. ಆದರೆ ಹೇಳದಿದ್ದರೆ ಮುಂದಿನ ಸಂಗತಿ ಅರ್ಥವಾಗುವುದಿಲ್ಲ.

ನಾವು ಧಾರವಾಡದ ಮಾಳಮಡ್ಡಿಯವರು. ಈ ಭಾಗದಲ್ಲಿ ಯಾರಾದರೂ ವಿಚಿತ್ರವಾಗಿ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎನ್ನುವುದು ರೂಢಿ. ಬ್ರಿಟಿಷರ ಕಾಲದಿಂದ ಇಲ್ಲಿರುವ ಮಾನಸಿಕ ಆಸ್ಪತ್ರೆ, ಅಂದರೆ ಈಗಿನ ಡಿಮ್ಹಾನ್ಸ್, ಆ ಮಾತಿನ ಮೂಲ. ಊರಿನಲ್ಲಿಯೇ ಇರುವ ನಮಗೆ ಆ ಚೇಷ್ಟೆ ಹಳತಾಗಿ ಹೋಗಿದೆ ಎಂದುಕೊಂಡಿದ್ದೆ. ಆದರೆ ಮಾರ್ಚ್‌ನಲ್ಲಿ ಮೊದಲ ಕಿಮೋ ಮುಗಿದ ಸಂಜೆ ಯಜಮಾನರು ಚೀಟಿ ಹಿಡಿದು ಔಷಧದ ಅಂಗಡಿಗೆ ಹೋದಾಗ, ಅಲ್ಲಿದ್ದ ಹುಡುಗ ನಾಲ್ಕು ಮಂದಿಯ ಎದುರಿಗೆ, ‘ಸರ್, ಇದು ತಲಿ ಕೆಟ್ಟವರಿಗೆ ಕೊಡೂ ಗುಳಿಗಿ ಐತ್ರಿ, ಮನ್ಯಾಗ ಯಾರಿಗ್ರಿ?’ ಎಂದು ಕೇಳಿದನಂತೆ. ಅವರು ಉಳಿದ ಔಷಧಗಳನ್ನೆಲ್ಲ ಕೊಂಡು ಅದೊಂದನ್ನು ಬಿಟ್ಟು ಬಂದರು. ನನಗೆ ಆ ವಿಷಯ ಹೇಳಲಿಲ್ಲ.

ಅದರ ಬೆಲೆ ತೆತ್ತವಳು ನಾನು. ನನಗೆ ಕೊಡುತ್ತಿದ್ದದ್ದು ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಕಿಮೋ ಔಷಧಗಳ ಜೋಡಿ, ಇಪ್ಪತ್ತೊಂದು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸುತ್ತು. ವಾಂತಿ ತರುವುದರಲ್ಲಿ ಈ ಜೋಡಿ ಮುಂಚೂಣಿಯಲ್ಲಿದೆ. ಅದಕ್ಕೆಂದೇ ಅಪ್ರೆಪಿಟಂಟ್, ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್ ಎಂಬ ಮೂರು ಔಷಧಗಳನ್ನು ಕೊಟ್ಟಿದ್ದರು. ಅವುಗಳಿಂದ ವಾಂತಿಯೇನೋ ನಿಂತಿತು, ವಾಕರಿಕೆ ನಿಲ್ಲಲಿಲ್ಲ. ಇವೆರಡೂ ಒಂದೇ ಎಂದು ಆವರೆಗೆ ನಾನು ತಿಳಿದಿದ್ದೆ. ವಾಂತಿ ಬಂದು ಹೋದರೆ ಸ್ವಲ್ಪ ಹೊತ್ತು ಹಗುರ. ವಾಕರಿಕೆ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಗಂಟಲ ಬುಡದಲ್ಲಿ ಕುಳಿತೇ ಇರುತ್ತದೆ. ಪಕ್ಕದ ಮನೆಯಲ್ಲಿ ಬಳ್ಳೊಳ್ಳಿ ಒಗ್ಗರಣೆ ಬಿದ್ದರೆ ನಮ್ಮ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಬೇಕಾಗುತ್ತಿತ್ತು. ಐದು ದಿನ ನುಚ್ಚು ಮಜ್ಜಿಗೆಯೂ ಇಳಿಯಲಿಲ್ಲ.

ಎರಡನೆಯ ಸುತ್ತಿಗೆ ಹೋದಾಗ ಸಿಸ್ಟರ್ ನನ್ನ ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರುವಿ ನೋಡಿ, ‘ಅಕ್ಕಾರ, ರಾತ್ರಿ ತಗೊಳ್ಳೂ ಗುಳಿಗಿ ಎಲ್ಲೈತ್ರಿ?’ ಎಂದು ಕೇಳಿದಾಗ ಸತ್ಯ ಹೊರಬಿತ್ತು. ಯಜಮಾನರು ತಲೆ ತಗ್ಗಿಸಿ, ‘ನಿನಗ ಮೊದಲ ಹೆದರಿಕಿ ಆಗೇತಿ, ಅದರಾಗ ಇದೊಂದು ಬ್ಯಾಡ ಅಂತ ಬಿಟ್ಟೆ’ ಎಂದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ. ಚೀಟಿ ಬರೆದುಕೊಟ್ಟ ಆಸ್ಪತ್ರೆಯಲ್ಲಿ ‘ಇದು ಮೂಲತಃ ಇಂಥ ಕಾಯಿಲೆಯ ಔಷಧ, ನಿಮಗೆ ಕೊಡುತ್ತಿರುವುದು ಬೇರೆ ಕಾರಣಕ್ಕೆ’ ಎಂದು ಯಾರಾದರೂ ಅರ್ಧ ನಿಮಿಷ ಖರ್ಚು ಮಾಡಿ ಹೇಳಿದ್ದರೆ ಅಂಗಡಿಯ ಹುಡುಗನ ಮಾತಿಗೆ ಇವರಲ್ಲಿ ಉತ್ತರ ಇರುತ್ತಿತ್ತು. ನನ್ನ ಈ ವಿಮರ್ಶೆಯಲ್ಲಿ ಔಷಧಕ್ಕಿಂತ ಹೆಚ್ಚಿನ ದೂರು ಆ ಅರ್ಧ ನಿಮಿಷದ ಮೇಲಿದೆ.

ಆ ದಿನ ವೈದ್ಯರು ವಿವರಿಸಿದ್ದನ್ನೂ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಮೆದುಳಿನ ಕೆಳಭಾಗದಲ್ಲಿ, ನಾಲ್ಕನೆಯ ಕುಹರದ ತಳದಲ್ಲಿ, ರಕ್ತದೊಳಗೆ ವಿಷವೇನಾದರೂ ಬಂದಿದೆಯೇ ಎಂದು ಮೂಸಿ ನೋಡಿ ವಾಕರಿಕೆ ಎಬ್ಬಿಸುವ ಒಂದು ಚಿಕ್ಕ ಜಾಗವಿದೆ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಗ್ರಾಹಕಗಳು, ಅಂದರೆ ಅದು ಬಂದು ಕೂಡಿಕೊಳ್ಳುವ ತಾಣಗಳು, ದಟ್ಟವಾಗಿವೆ. ಮನೋವಿಕಾರದಲ್ಲಿ ಭ್ರಮೆಗಳನ್ನು ತಗ್ಗಿಸಲು ತಡೆಯುವುದೂ ಡೋಪಮಿನ್ನನ್ನೇ, ಮೆದುಳಿನ ಬೇರೆ ಭಾಗದಲ್ಲಿ. ಒಲಾಂಜಪಿನ್ ಡೋಪಮಿನ್ನಿನ ಜೊತೆಗೆ ಸಿರೊಟೋನಿನ್ನಿನ ಹಲವು ಬಗೆಯ ಗ್ರಾಹಕಗಳನ್ನೂ ಹಿಸ್ಟಮಿನ್ ಗ್ರಾಹಕವನ್ನೂ ತಡೆಯುತ್ತದೆ. ಹಿತ್ತಲು, ಪಡಸಾಲೆ, ಅಟ್ಟ ಎಂದು ಐದಾರು ಬಾಗಿಲಿರುವ ಮನೆಯಲ್ಲಿ ಒಂದಕ್ಕೆ ಮಾತ್ರ ಅಗಳಿ ಹಾಕಿದರೆ ಏನು ಪ್ರಯೋಜನವೋ, ಒಂಡಾನ್ಸೆಟ್ರಾನ್ ಒಂದನ್ನೇ ನಂಬುವುದೂ ಅಷ್ಟೇ; ಈ ಗುಳಿಗೆ ಹೆಚ್ಚು ಬಾಗಿಲುಗಳನ್ನು ಮುಚ್ಚುತ್ತದೆ. ನಿದ್ದೆ ಬರುವುದೂ ಹಸಿವು ಹೆಚ್ಚುವುದೂ ಅದೇ ಹಿಸ್ಟಮಿನ್ ಬಾಗಿಲು ಮುಚ್ಚಿದ ಪರಿಣಾಮದಿಂದಲೇ ಬಹುಮಟ್ಟಿಗೆ, ಎಂದರೆ ಗುಣ ಮತ್ತು ದೋಷ ಎರಡೂ ಒಂದೇ ಕೀಲಿಯವು.

ಮನೋರೋಗದ ಔಷಧವನ್ನು ಹೀಗೆ ಬೇರೆ ಕೆಲಸಕ್ಕೆ ಬಳಸುವುದು ಹೊಸ ಸಂಗತಿಯೂ ಅಲ್ಲ. ಈ ಬಗೆಯ ಔಷಧಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಝೈನನ್ನು 1952ರಲ್ಲಿ ಪ್ಯಾರಿಸಿನ ಡೆಲೆ ಮತ್ತು ಡೆನಿಕರ್ ಎಂಬ ವೈದ್ಯರು ಮನೋರೋಗಿಗಳಿಗೆ ಕೊಟ್ಟು ಫಲ ಕಂಡರು. ಅದಕ್ಕೂ ಮೊದಲು ಅದನ್ನು ಶಸ್ತ್ರಚಿಕಿತ್ಸೆಯ ಅರಿವಳಿಕೆಯ ಜೊತೆ ಬಳಸಿ ನೋಡಿದ್ದರು. ಅದೇ ಕುಲದ ಪ್ರೊಕ್ಲೋರ್‌ಪೆರಝೈನ್ ನಮ್ಮಲ್ಲಿ ಸ್ಟೆಮೆಟಿಲ್ ಎಂಬ ಹೆಸರಿನಲ್ಲಿ ತಲೆ ತಿರುಗಿದರೆ, ಹೊಟ್ಟೆ ತೊಳಸಿದರೆ ಕೊಡುವ ಮನೆಮಾತಿನ ಗುಳಿಗೆ. ಅಮೆರಿಕದಲ್ಲಿ ಅದಕ್ಕೆ ಕಳವಳದ ಅಲ್ಪಾವಧಿ ಚಿಕಿತ್ಸೆಗೂ ಅನುಮತಿ ಇದೆ, ಆದರೆ ದಿನಕ್ಕೆ 20 ಮಿಲಿಗ್ರಾಂ ಮೀರಬಾರದು, ಹನ್ನೆರಡು ವಾರ ದಾಟಬಾರದು ಎಂಬ ಕಟ್ಟಳೆಯೊಂದಿಗೆ. ಗದಗಿನಲ್ಲಿರುವ ನಮ್ಮ ನಾದಿನಿ ನನ್ನ ಗುಳಿಗೆಯ ವಿಷಯ ಕೇಳಿ ‘ವೈನಿ, ಅದನ್ಯಾಕ ತಗೋತೀರಿ’ ಎಂದು ಹೌಹಾರಿದರು. ಅವರ ಪರ್ಸಿನಲ್ಲಿ ಮೂರು ವರ್ಷದಿಂದ ಸ್ಟೆಮೆಟಿಲ್ ಪಟ್ಟಿ ಇದೆ.

ಇನ್ನು ಬಳಕೆಯ ಅನುಭವ. ಎರಡನೆಯ ಸುತ್ತಿನಲ್ಲಿ 10 ಮಿಲಿಗ್ರಾಂ ತೆಗೆದುಕೊಂಡೆ. ವಾಕರಿಕೆ ಇತ್ತೋ ಇಲ್ಲವೋ ಹೇಳಲಾರೆ, ಏಕೆಂದರೆ ಮರುದಿನ ಹನ್ನೊಂದು ಗಂಟೆಯವರೆಗೆ ನಾನು ಎಚ್ಚರವಾಗಲೇ ಇಲ್ಲ. ಎದ್ದು ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆಗಟ್ಟಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೆ. ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿಯುವುದು ಈ ಔಷಧದ ಗೊತ್ತಿರುವ ಗುಣ. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ನಾಲ್ಕು ದಿನ ಮಂಪರಿನಲ್ಲಿಯೇ ಕಳೆದವು. ಆದರೆ ಮೂರನೆಯ ದಿನ ಸಂಜೆ ನಾನೇ ಕೇಳಿ ಅರ್ಧ ಜೋಳದ ರೊಟ್ಟಿ ತಿಂದೆ ಎಂಬುದನ್ನು ಮನೆಯವರು ಇಂದಿಗೂ ಹೇಳುತ್ತಾರೆ.

ಈ 10 ಮಿಲಿಗ್ರಾಂ ಲೆಕ್ಕ ಎಲ್ಲಿಂದ ಬಂತು ಎಂಬುದು ತಿಳಿದಿರುವುದು ಒಳ್ಳೆಯದು. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ನನಗೆ ಕೊಟ್ಟಂಥ ಮೂರು ವಾಂತಿ ತಡೆಯುವ ಔಷಧಗಳ ಜೊತೆ 10 ಮಿಲಿಗ್ರಾಂ ಒಲಾಂಜಪಿನ್ ಪಡೆದವರಲ್ಲಿ ಮೊದಲ ಇಪ್ಪತ್ನಾಲ್ಕು ತಾಸು ವಾಕರಿಕೆಯೇ ಇಲ್ಲದವರು ಶೇಕಡ 74, ಒಲಾಂಜಪಿನ್ ಇಲ್ಲದೆ ಆ ಮೂರನ್ನೇ ಪಡೆದವರಲ್ಲಿ ಶೇಕಡ 45. ಐದೂ ದಿನಗಳನ್ನು ಸೇರಿಸಿ ನೋಡಿದರೆ ಮಾತ್ರ ಈ ಅಂಕಿಗಳು 37 ಮತ್ತು 22ಕ್ಕೆ ಇಳಿಯುತ್ತವೆ, ಆದ್ದರಿಂದ ಪವಾಡವನ್ನು ನಿರೀಕ್ಷಿಸಬಾರದು. ಆಮೇಲೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ನನ್ನಂಥದೇ ಕಿಮೋ ಪಡೆಯುವವರಲ್ಲಿ 2.5 ಮತ್ತು 10 ಮಿಲಿಗ್ರಾಂಗಳನ್ನು ಹೋಲಿಸಿ, ಸಣ್ಣ ಪ್ರಮಾಣವೂ ವಾಂತಿಯನ್ನು ತಡೆಯುವುದರಲ್ಲಿ ಕಡಿಮೆಯೇನಲ್ಲ, ಮಂಪರು ಮಾತ್ರ ಕಡಿಮೆ ಎಂದು 2024ರಲ್ಲಿ ಪ್ರಕಟಿಸಿದರು. ನನ್ನ ವೈದ್ಯರು ಅದನ್ನು ಓದಿದ್ದರು. ಮೂರನೆಯ ಸುತ್ತಿನಿಂದ 2.5ಕ್ಕೆ ಇಳಿಸಿದರು.

ಅಲ್ಲಿಂದ ಮುಂದೆ ಇದು ಬೇರೆಯೇ ಗುಳಿಗೆ ಎನ್ನುವಷ್ಟು ವ್ಯತ್ಯಾಸವಾಯಿತು. ರಾತ್ರಿ ಎಂಟಕ್ಕೆ ನುಂಗಿದರೆ ಹತ್ತಕ್ಕೆ ನಿದ್ದೆ, ಬೆಳಿಗ್ಗೆ ಏಳಕ್ಕೆ ಎಚ್ಚರ. ವಾಕರಿಕೆ ಪೂರ್ತಿ ಹೋಗಲಿಲ್ಲ, ಆದರೆ ಗಂಟಲಿನಿಂದ ಹೊಟ್ಟೆಗೆ ಇಳಿದು ಸುಮ್ಮನೆ ಕುಳಿತಿತು. ಒಗ್ಗರಣೆಯ ವಾಸನೆ ಮತ್ತೆ ಒಗ್ಗರಣೆಯ ವಾಸನೆಯಾಯಿತು. ವಾಕರಿಕೆಯ ಮಟ್ಟಿಗೆ ಕೇಳಿದರೆ ಐದಕ್ಕೆ ಐದೂ ಅಂಕ ಕೊಡುತ್ತೇನೆ. ಹತ್ತು ಗುಳಿಗೆಯ ಪಟ್ಟಿಗೆ ಖಾನಾವಳಿಯ ಒಂದು ಊಟಕ್ಕಿಂತ ಕಡಿಮೆ ಹಣ ಕೊಟ್ಟಿದ್ದೇನೆ. ಅಪ್ರೆಪಿಟಂಟ್‌ನ ಬಿಲ್ಲು ನೋಡಿದವರಿಗೆ ಇದು ಸಣ್ಣ ಮಾತಲ್ಲ.

ಕಳವಳದ ವಿಷಯದಲ್ಲಿ ನನ್ನ ತೀರ್ಪು ಅಷ್ಟು ಸರಳವಲ್ಲ. ಮೇ ತಿಂಗಳಲ್ಲಿ ನಾಲ್ಕನೆಯ ಸುತ್ತು ಮುಗಿದಾಗ ನನ್ನ ತೂಕ 52ರಿಂದ 47 ಕಿಲೋಗೆ ಇಳಿದಿತ್ತು. ನಸುಕಿನ ಮೂರಕ್ಕೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತಿತ್ತು, ಮುಂದೆ ವಾರಕ್ಕೊಂದರಂತೆ ಹನ್ನೆರಡು ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕಿಮೋ ಇತ್ತು. ಹಸಿವು, ನಿದ್ದೆ, ವಾಕರಿಕೆ, ಕಳವಳ ನಾಲ್ಕಕ್ಕೂ ಒಂದೇ ಗುಳಿಗೆ ಸಾಕೆಂದು ಮನೋವೈದ್ಯರು 2.5 ಮಿಲಿಗ್ರಾಂ ಅನ್ನು ದಿನವೂ ಮುಂದುವರಿಸಲು ಹೇಳಿದರು, ಆದರೆ ಕಳವಳಕ್ಕೆ ಇದು ಮೊದಲು ಕೊಡಬೇಕಾದ ಔಷಧವಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ತಿಳಿಸಿದರು. ಹತ್ತೇ ದಿನದಲ್ಲಿ ರಾತ್ರಿಗಳು ಸುಧಾರಿಸಿದವು. ‘ಮತ್ತೆ ಬಂದರೆ?’ ಎಂಬ ಯೋಚನೆ ಬರುತ್ತಲೇ ಇತ್ತು, ಆದರೆ ಅದು ಬಂದಾಗ ಮೈ ಹಾರಿ ಬೀಳುತ್ತಿರಲಿಲ್ಲ. ಇದರ ಇನ್ನೊಂದು ಮುಖವೆಂದರೆ, ಆಕಾಶವಾಣಿ ಧಾರವಾಡ ಕೇಂದ್ರದಿಂದ ಬೆಳಿಗ್ಗೆ ಬರುವ ಹಾಡುಗಾರಿಕೆಯನ್ನು ಕೇಳುತ್ತ ಚಹಾ ಕುಡಿಯುವುದು ನನ್ನ ಮೂವತ್ತು ವರ್ಷದ ಅಭ್ಯಾಸ; ಆ ದಿನಗಳಲ್ಲಿ ಸ್ವರ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಅದು ಕಾಯಿಲೆಯದೋ ಗುಳಿಗೆಯದೋ ಎಂದು ಬೇರ್ಪಡಿಸಿ ಹೇಳಲು ಆಗ ಸಾಧ್ಯವಾಗಲಿಲ್ಲ. ಗುಳಿಗೆ ನಿಲ್ಲಿಸಿದ ಒಂದು ತಿಂಗಳಲ್ಲಿ ತೋಡಿ ರಾಗ ಕೇಳಿ ಕಣ್ಣು ತುಂಬಿದಾಗ ನನ್ನ ಮಟ್ಟಿಗೆ ಉತ್ತರ ಸಿಕ್ಕಿತು.

ತೂಕದ ವಿಷಯದಲ್ಲಿ ನಾನೇ ಮೈಮರೆತೆ. ಕ್ಯಾನ್ಸರಿನಲ್ಲಿ ಕೃಶಳಾದವಳು ಮೈ ತುಂಬಿಕೊಂಡರೆ ಎಲ್ಲರಿಗೂ ಸಂತೋಷ, ನೋಡಲು ಬಂದವರೆಲ್ಲ ಲೈನ್ ಬಜಾರಿನ ಪೇಡೆ ಹಿಡಿದೇ ಬರುತ್ತಿದ್ದರು. ರಾತ್ರಿ ಊಟವಾಗಿ ಎರಡು ತಾಸಿಗೆ ಮತ್ತೆ ಹಸಿವು. ಗಿರ್ಮಿಟ್, ಅವಲಕ್ಕಿ, ಪೇಡೆ, ಕೈಗೆ ಸಿಕ್ಕಿದ್ದು. 47 ಕಿಲೋ ಇದ್ದದ್ದು ಒಂದು ವರ್ಷದಲ್ಲಿ 58 ಆಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 5.6 ಇದ್ದದ್ದು 6.2ಕ್ಕೆ ಏರಿ, ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತೆ. ಕೆಲವು ದಿನಗಳಿಗಷ್ಟೇ ತೆಗೆದುಕೊಳ್ಳುವವರು ಇದಕ್ಕೆ ಅಂಜಬೇಕಿಲ್ಲ. ತಿಂಗಳುಗಟ್ಟಲೆ ತೆಗೆದುಕೊಳ್ಳುವವರು ಮೊದಲ ದಿನವೇ ತೂಕ, ಸಕ್ಕರೆ, ಕೊಬ್ಬಿನಂಶಗಳನ್ನು ಬರೆದಿಟ್ಟುಕೊಂಡು ಮೂರು ತಿಂಗಳಿಗೊಮ್ಮೆ ನೋಡಿಸಲಿ. ನಾನು ಒಂಬತ್ತು ತಿಂಗಳು ನೋಡಿಸಲಿಲ್ಲ.

ಇನ್ನೊಂದು ಎಚ್ಚರಿಕೆ. ವಾಕರಿಕೆ ಪೂರ್ತಿ ಹೋಗಲಿಲ್ಲವೆಂದು ಮನೆಯಲ್ಲಿ ಉಳಿದಿದ್ದ ಮೆಟೊಕ್ಲೊಪ್ರಮೈಡ್ ಗುಳಿಗೆಯನ್ನು ಒಮ್ಮೆ ಜೊತೆಗೆ ನುಂಗಿಬಿಟ್ಟೆ. ಅದೂ ಡೋಪಮಿನ್ನನ್ನೇ ತಡೆಯುವ ಔಷಧ. ಎರಡೂ ಕೂಡಿದರೆ ಕುತ್ತಿಗೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು, ಕುಳಿತಲ್ಲಿ ಕುಳಿತಿರಲಾರದ ಚಡಪಡಿಕೆ ಇಂಥವುಗಳ ಅಪಾಯ ಹೆಚ್ಚುತ್ತದೆ. ನನಗೆ ಏನೂ ಆಗಲಿಲ್ಲ, ಬೈಗುಳ ಸಿಕ್ಕಿತು. ಮರೆವಿನ ಕಾಯಿಲೆ ಇರುವ ವಯಸ್ಸಾದವರಿಗೆ ಈ ಬಗೆಯ ಔಷಧಗಳಿಂದ ಜೀವಾಪಾಯ ಹೆಚ್ಚುತ್ತದೆ ಎಂಬ ಎಚ್ಚರಿಕೆಯೂ ಇದೆ, ಆದ್ದರಿಂದ ನನ್ನ ಪಟ್ಟಿಯಲ್ಲಿ ಉಳಿದದ್ದನ್ನು ಅತ್ತೆಯವರ ನಿದ್ದೆಗೆ ಕೊಡೋಣವೇ ಎಂಬ ಮಾತು ಮನೆಯಲ್ಲಿ ಬಂದಾಗ ನಾನೇ ತಡೆದೆ.

2025ರ ಫೆಬ್ರವರಿಯಲ್ಲಿ ಕಳವಳಕ್ಕೆಂದೇ ಸರ್ಟ್ರಾಲಿನ್ ಶುರುವಾಯಿತು, ಆಪ್ತಸಮಾಲೋಚನೆಯೂ ಜೊತೆಗಿತ್ತು. ಒಲಾಂಜಪಿನ್ನನ್ನು ಜೂನ್‌ನಿಂದ ಒಂದು ದಿನ ಬಿಟ್ಟು ಒಂದು ದಿನಕ್ಕೆ ಇಳಿಸಿ ಜುಲೈ ಕೊನೆಗೆ ನಿಲ್ಲಿಸಿದರು. ನಿಲ್ಲಿಸಿದ ಮೊದಲ ವಾರ ನಿದ್ದೆ ಹಾರಿತು. ಜೊತೆಗೆ ಯಾವುದಕ್ಕಾಗಿ ತೆಗೆದುಕೊಂಡಿದ್ದೆನೋ ಅದೇ ವಾಕರಿಕೆ ನಾಲ್ಕು ದಿನ ಬಂದು ಹೋಯಿತು. ಕಾಯಿಲೆ ಮರಳಿತೆಂದು ಹೆದರಿ ರಾತ್ರಿಯೇ ಫೋನ್ ಮಾಡಿದ್ದೆ. ಗುಳಿಗೆ ಬಿಟ್ಟಾಗ ಹೀಗಾಗುವುದುಂಟು ಎಂದು ಮೊದಲೇ ಹೇಳಿದ್ದರೆ ಆ ಫೋನ್ ಬೇಕಿರಲಿಲ್ಲ. ಒಟ್ಟು ನಾಲ್ಕು ಅಂಕ. ಕಳೆದ ಒಂದರಲ್ಲಿ ಹೆಚ್ಚಿನ ಪಾಲು ಹನ್ನೊಂದು ಕಿಲೋದ್ದು.

ಗುಳಿಗೆಯಿಂದ ಆಗದ ಒಂದು ಕೆಲಸವನ್ನೂ ದಾಖಲಿಸಬೇಕು. ಕಿಮೋಗೆ ಹೋಗುವಾಗ ನಾವು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಎರಡನೆಯ ಸುತ್ತಿನ ಹೊತ್ತಿಗೇ ಉಣಕಲ್ ಕೆರೆ ಕಂಡ ಕೂಡಲೇ, ಸೂಜಿ ಚುಚ್ಚುವ ಮೊದಲೇ, ಹೊಟ್ಟೆ ತೊಳಸತೊಡಗುತ್ತಿತ್ತು. ಇದು ನಿರೀಕ್ಷೆಯಿಂದಲೇ ಬರುವ ವಾಕರಿಕೆ, ದೇಹ ಕಲಿತುಕೊಂಡ ಪಾಠ. ಮೊದಲ ಸುತ್ತಿನಲ್ಲಿ ವಾಕರಿಕೆ ಹತೋಟಿಗೆ ಬಂದಿದ್ದರೆ ಬಹುಶಃ ಅದನ್ನು ಕಲಿಯುತ್ತಲೇ ಇರಲಿಲ್ಲ ಎಂದು ವೈದ್ಯರು ಹೇಳಿದಾಗ ಯಜಮಾನರು ಕಿಟಕಿಯ ಕಡೆ ನೋಡುತ್ತಿದ್ದರು. ಕಳೆದ ತಪಾಸಣೆಗೆ ಹೋಗುವಾಗಲೂ ಕೆರೆ ಬರುವ ಮೊದಲೇ ಅವರು ಜೇಬಿನಿಂದ ಲಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, ಮಾತಿಲ್ಲದೆ ನನ್ನ ಕೈಗೆ ಕೊಟ್ಟರು.