ಪೀಕಾಕ್ ಬಾಸ್, ಸ್ನೇಕ್‌ಹೆಡ್, ಕ್ಲೌನ್ ನೈಫ್: ಗಾಳಕ್ಕೆ ಬಿದ್ದ ಮೇಲೆ ಯಾರ ಜೋರು ಜಾಸ್ತಿ?

ದಕ್ಷಿಣ ಫ್ಲೋರಿಡಾದಲ್ಲಿ ಕಾಲುವೆ ಇಲ್ಲದ ಬಡಾವಣೆ ಹುಡುಕಿದರೂ ಸಿಗುವುದು ಕಷ್ಟ. ನಮ್ಮ ಮನೆ ಹಿಂದೆಯೂ ಒಂದಿದೆ. ಬೋಟು ಇಲ್ಲ, ದಡದ ಮೇಲೆ ನಿಂತೇ ಗಾಳ ಹಾಕುವವನು ನಾನು. ಎರಡು ವರ್ಷದಿಂದ ಶನಿವಾರ ಭಾನುವಾರಗಳನ್ನೆಲ್ಲ ಈ ಮೂರು ಮೀನುಗಳ ಹಿಂದೆ ಕಳೆದಿದ್ದೇನೆ. ಮೂರೂ ಇಲ್ಲಿನವಲ್ಲ, ಮೂರರ ಬಾಲದ ಕಡೆಗೂ ಕಣ್ಣಿನಂಥ ಕಪ್ಪು ಚುಕ್ಕೆ ಇದೆ. ಹೋಲಿಕೆ ಅಷ್ಟಕ್ಕೇ ಮುಗಿಯಿತು.

ಮೊದಲು ಪೀಕಾಕ್ ಬಾಸ್. ಇದನ್ನು 1984ರಲ್ಲಿ ಸರ್ಕಾರದವರೇ ತಂದು ಬಿಟ್ಟಿದ್ದು. ಕಾಲುವೆ ತುಂಬಾ ತುಂಬಿಕೊಂಡಿದ್ದ ಹೊರಗಿನ ತಿಲಾಪಿಯಾ ಮರಿಗಳನ್ನು ತಿಂದು ಹಾಕಲಿ ಅಂತ. ತಿನ್ನುತ್ತೆ ಕೂಡ. ಸೋಮಾರಿಗಳಿಗೆ ಹೇಳಿ ಮಾಡಿಸಿದ ಮೀನು ಇದು, ಯಾಕಂದ್ರೆ ಹಗಲಲ್ಲಿ ಮಾತ್ರ ಬೇಟೆಯಾಡುತ್ತೆ, ಬಿಸಿಲು ಏರಿದಷ್ಟೂ ಚುರುಕಾಗುತ್ತೆ, ನೀವು ಎದ್ದು ಕಾಫಿ ಕುಡಿದು ಹತ್ತು ಗಂಟೆಗೆ ಹೋದರೂ ಏನೂ ನಷ್ಟವಿಲ್ಲ. ಮಾಮೂಲಿ ಬಾಸ್‌ಗೆ ಹಾಕುವ ಪ್ಲಾಸ್ಟಿಕ್ ಹುಳು ಇದಕ್ಕೆ ಬೇಡ. ನಾನು ಮೊದಲ ಎರಡು ವಾರ ಅದನ್ನೇ ಹಾಕಿ ಹಾಕಿ ಸುಸ್ತಾದೆ. ಆಮೇಲೆ ಪಕ್ಕದಲ್ಲಿ ನಿಂತಿದ್ದ ಕ್ಯೂಬಾದ ಅಜ್ಜ ನನ್ನ ಡಬ್ಬಿ ನೋಡಿ ತಲೆ ಅಲ್ಲಾಡಿಸಿ, ಎರೆಗೆ ಒಂದು ಜೀವಂತ ಶೈನರ್ (ಬೆಳ್ಳಿ ಬಣ್ಣದ ಪುಟ್ಟ ಮೀನು) ಕೊಟ್ಟರು. ನೀರಿಗೆ ಬಿದ್ದು ನಿಮಿಷ ಆಗಿರಲಿಲ್ಲ, ರೀಲು ಕಿರ್ರೆಂದಿತು.

ಮೂರು ಪೌಂಡ್ ಅಷ್ಟೇ ಇತ್ತು ಅದು. ಆದರೆ ಎಳೆದ ಎಳೆತಕ್ಕೆ ನಾನು ಆರು ಪೌಂಡಿನದ್ದು ಅಂದುಕೊಂಡಿದ್ದೆ. ಎರಡು ಸಲ ನೀರಿನಿಂದ ಪೂರ್ತಿ ಮೇಲೆ ಹಾರಿತು, ಆಮೇಲೆ ಸೀದಾ ಸೇತುವೆ ಕೆಳಗೆ ನುಗ್ಗಿತು, ಅಲ್ಲಿ ಕಂಬಕ್ಕೆ ಸುತ್ತಿಕೊಂಡರೆ ಲೈನ್ ಹೋಯಿತು ಅಂತಲೇ ಲೆಕ್ಕ. ದಡಕ್ಕೆ ಬಂದ ಮೇಲೂ ಸೋತ ಮುಖ ಇಲ್ಲ. ಹಸಿರು ಬಂಗಾರ ಬಣ್ಣದ ಮೈ, ಮೂರು ಕಪ್ಪು ಪಟ್ಟೆ, ಕೆಂಪು ಕಣ್ಣು, ಬಾಲದ ಬುಡದಲ್ಲಿ ನವಿಲುಗರಿಯ ಕಣ್ಣು. ಲೂರ್ (ನಕಲಿ ಎರೆ) ಹಾಕುವುದಾದರೆ ರೀಲು ಜೋರಾಗಿ ಸುತ್ತಿ. ನಿಮ್ಮ ಕೈ ಎಷ್ಟೇ ಚುರುಕಾದರೂ ಇದಕ್ಕೆ ನಿಧಾನವೇ. ಒಂದೇ ದೌರ್ಬಲ್ಯ ಚಳಿ. ನೀರು ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಸಾಯುತ್ತೆ. 2010ರ ಜನವರಿಯ ಚಳಿಗೆ ಇಲ್ಲಿ ರಾಶಿ ರಾಶಿ ಸತ್ತಿದ್ದವು.

ಎರಡನೆಯದು ಬುಲ್ಸ್‌ಐ ಸ್ನೇಕ್‌ಹೆಡ್. ನಮ್ಮ ಕೆರೆಗಳ ಕೊರವ ಮೀನಿನ ಬಳಗದ್ದೇ. 2000ದಲ್ಲಿ ಟ್ಯಾಮರಾಕ್ ಊರಿನಲ್ಲಿ ಮೊದಲು ಕಂಡಿದ್ದಂತೆ. ಗಾಳಿ ಕುಡಿಯಲು ಮೇಲೆ ಬರುತ್ತಲ್ಲ, ಆಗ ಗುಳಕ್ ಅನ್ನುವ ಸದ್ದು ಕೇಳಿಸಿಕೊಂಡು ಜಾಗ ಗುರುತು ಮಾಡಿಕೊಳ್ಳಬೇಕು. ಕಳೆಯ ಮೇಲೆ ರಬ್ಬರ್ ಕಪ್ಪೆಯನ್ನು ಮೆಲ್ಲಗೆ ಎಳೆದು ತನ್ನಿ. ಅದು ಎಗರುವ ಹೊತ್ತಿಗೆ ಕೆರೆಗೆ ಚಪ್ಪಡಿ ಕಲ್ಲು ಎತ್ತಿ ಹಾಕಿದ ಹಾಗಿರುತ್ತೆ, ಎದೆ ಝಲ್ ಅನ್ನುತ್ತೆ. ಇಲ್ಲೇ ಎಲ್ಲರೂ ಎಡವುವುದು. ಗಾಬರಿಯಲ್ಲಿ ಕೋಲು ಎತ್ತಿದರೆ ಕಪ್ಪೆ ಮಾತ್ರ ಹಾರಿ ಬಂದು ಮುಖಕ್ಕೆ ಬಡಿಯುತ್ತೆ. ನನಗೆ ಬಡಿದಿದೆ, ಕನ್ನಡಕ ಇತ್ತು, ಬಚಾವಾದೆ. ಒಂದು, ಎರಡು ಅಂತ ಎಣಿಸಿ ಆಮೇಲೆ ಎತ್ತಿ. ಲೈನ್ 50 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ) ಇರಲಿ.

ಹೊಡೆತದಲ್ಲಿ ಇದಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಹೋರಾಟ? ಮೊದಲ ಹತ್ತು ಸೆಕೆಂಡ್ ಕಳೆಯೊಳಗೆ ನುಗ್ಗುತ್ತೆ, ಆಮೇಲೆ ಒದ್ದೆ ಗೋಣಿಚೀಲ ಎಳೆದ ಹಾಗೆ ಬರುತ್ತೆ. ಅರ್ಧ ತೂಕ ಕಳೆಯದ್ದೇ. ಎಲ್ಲರೂ ಇದನ್ನೇ ದೊಡ್ಡ ಪೈಲ್ವಾನ್ ಅಂತಾರೆ, ನನಗಂತೂ ಹಾಗನಿಸಿಲ್ಲ.

ಕ್ಲೌನ್ ನೈಫ್ ಬಗ್ಗೆ ಜಾಸ್ತಿ ಹೇಳುವಷ್ಟು ಹಿಡಿದಿಲ್ಲ. ಡೆಲ್ರೇ ಬೀಚಿನ ಲೇಕ್ ಐಡಾಗೆ ಐದು ಸಂಜೆ ಹೋದೆ, ಸಿಕ್ಕಿದ್ದು ಎರಡು. ಗೂನು ಬೆನ್ನು, ಚಪ್ಪಟೆ ಮೈ, ಪಕ್ಕದಲ್ಲಿ ಸಾಲಾಗಿ ಕಪ್ಪು ಕಣ್ಣುಗಳು, ನೋಡುವುದಕ್ಕೇ ಹೋಗಬಹುದು. ಬಾಯೆಲ್ಲ ಮೂಳೆ. ಗಾಳ ಚುಚ್ಚುವುದೇ ಇಲ್ಲ, ಹಾರಿ ತಲೆ ಒದರಿತು ಅಂದ್ರೆ ಮುಗೀತು. ಒಬ್ಬ ಗೈಡ್‌ಗೆ ದುಡ್ಡು ಕೊಟ್ಟು ಬೋಟಿನಲ್ಲೂ ಹೋಗಿದ್ದೆ. ಆತ ಅರ್ಧ ಹೊತ್ತು ಫೋನಿನಲ್ಲೇ ಇದ್ದ, ನಾನು ಖಾಲಿ ಕೈಯಲ್ಲಿ ಬಂದೆ.

ರಜೆಗೆ ಬಂದು ಒಂದೇ ದಿನ ಸಿಕ್ಕರೆ ಪೀಕಾಕ್‌ಗೇ ಹೋಗಿ. ತೂಕಕ್ಕೆ ತೂಕ ಇಟ್ಟರೆ ಉಳಿದೆರಡೂ ಅದರ ಹತ್ತಿರ ಬರುವುದಿಲ್ಲ. ಫ್ಲೋರಿಡಾದ ಹೊರಗಿನವರಿಗೆ 3 ದಿನದ ಮೀನು ಹಿಡಿಯುವ ಲೈಸೆನ್ಸ್ 17 ಡಾಲರ್. ದಿನಕ್ಕೆ ಎರಡು ಪೀಕಾಕ್ ಇಟ್ಟುಕೊಳ್ಳಬಹುದು, ಅದರಲ್ಲಿ ಒಂದು ಮಾತ್ರ 17 ಇಂಚು ಅಥವಾ ಅದಕ್ಕಿಂತ ಉದ್ದ ಇರಬಹುದು. ನಾನು ಒಂದನ್ನೂ ಇಟ್ಟುಕೊಳ್ಳುವುದಿಲ್ಲ, ಬಿಟ್ಟುಬಿಡುತ್ತೇನೆ.

ಸ್ನೇಕ್‌ಹೆಡ್‌ಗೆ ಆ ಲೆಕ್ಕವೇ ಇಲ್ಲ, ಎಷ್ಟು ಬೇಕಾದರೂ ಹಿಡಿಯಿರಿ. ಜೀವಂತ ಮಾತ್ರ ಒಯ್ಯುವ ಹಾಗಿಲ್ಲ, ಅಲ್ಲೇ ಕೊಂದು ಐಸ್ ಡಬ್ಬಿಗೆ ಹಾಕಬೇಕು. ಮುಳ್ಳು ಕಡಿಮೆ, ಮಾಂಸ ಗಟ್ಟಿ. ನಮ್ಮನೆಯವಳು ಮಾಡುವ ಸಾರಿಗೆ ಇದೇ ಆಗಬೇಕು, ಹಾಗಾಗಿ ಮನೆಯಲ್ಲಿ ಕೇಳಿದರೆ ಬೇರೆಯದೇ ಉತ್ತರ ಸಿಗುತ್ತೆ.